ಚಂದು ಹೇಳಿದ ಬೆಲೆ

"ಅಡ್ಡ ಮಾಡ್ಬೇಡಿ ಅದ್ನ. ನಿಲ್ಸಿಯೇ ಹಿಡ್ಕಣಿ," ಎಂದಳು ಜಲಜ.

ಕುಷ್ಟ ಮತ್ತು ಪಕ್ಕದ ಮನೆಯವರು ಚಾವಡಿಯ ಮೂಲೆಯಿಂದ ಕಂಪ್ಯೂಟರಿನ ಪೆಟ್ಟಿಗೆ ಎತ್ತಿದ್ದರು. ಹೆಣ ಮಲಗಿಸಲು ಜಾಗ ಬೇಕಿತ್ತು. ಬೆಳಗಿನ ಜಾವ ಎದೆ ಹಿಡಿದುಕೊಂಡು ಕುಳಿತ ಅವಳ ಗಂಡ ಚಂದು, ಕೋಡಿ ಊರಿನ ಆ ಓಣಿಗೆ ರಿಕ್ಷಾ ಬರುವುದರೊಳಗೆ ಹೋಗಿಬಿಟ್ಟಿದ್ದ. ಅರವತ್ತು ತುಂಬಿರಲಿಲ್ಲ. ಯಡ್ತರೆಯಿಂದ ಅವನ ತಂಗಿ ಗಿರಿಜಾ ಬಂದ ಮೇಲೆ ಎತ್ತುವುದೆಂದು ಮಾತಾಗಿತ್ತು.

"ಈಗ್ಲೂ ಇದ್ರದ್ದೇ ಉಪಚಾರ," ಎಂದು ಗೊಣಗಿದ ಕುಷ್ಟ. ಸತ್ತವನ ಅಣ್ಣ ಅವನು. ಆದರೂ ಪೆಟ್ಟಿಗೆಯನ್ನು ಒಳಕೋಣೆಯ ಮಂಚದ ಮೇಲೆ ಮೆಲ್ಲಗೇ ಇಟ್ಟ.

ಅಂಗಳಕ್ಕೆ ಟಾರ್ಪಾಲು ಕಟ್ಟಿದ್ದರು. ಮಳೆ ಅದರ ಮೇಲೆ ಸುರಿಯುತ್ತಿತ್ತು. ಕೆಳಗೆ ಕುರ್ಚಿ ಹಾಕಿಕೊಂಡು ಕೂತವರಿಗೆ ಮಾತಾಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ.

"ಇಷ್ಟ್ ವರ್ಷದಲ್ಲಿ ಎಷ್ಟ್ ದುಡ್ಡ್ ಹಾಕಿಕ್ಕ್ ಇದ್ಕೆಲ್ಲ?" ಎಂದರು ಒಬ್ಬರು.

"ದೋಣಿಗೆ ಒಂದ್ ಎಂಜಿನ್ ಕೂರ್ಸುವಷ್ಟ್."

"ಎಂಜಿನ್ನಾ? ದೋಣಿಯೇ ಬರ್ತಿತ್ತ್ ಮಾರಾಯ," ಎಂದ ಕುಷ್ಟ. "ಇಪ್ಪತ್ತೈದ್ ವರ್ಷ ಆಯ್ತ್. ಒಂದ್ ತುಂಡ್ ತರುದ್, ಉಪ್ಪಿನ ಗಾಳಿಗೆ ಅದ್ ತುಕ್ಕ್ ಹಿಡುದ್, ಮತ್ತೊಂದ್ ತರುದ್. ನಮ್ಮಪ್ಪ ಬಲೆಗೆ ಹಾಕಿದ್ದಕ್ಕಿಂತ ಹೆಚ್ಚ್ ಇವ ತಂತಿಗೆ ಹಾಕ್ದ."

ಬಾಗಿಲಲ್ಲಿ ಕೂತಿದ್ದ ಬಾಗಿ ಎಂಬವಳು ತಲೆ ಎತ್ತಿದಳು. ಅವಳು ಜಲಜನ ಜೊತೆ ಮೀನು ಮಾರುವವಳು. "ಕುಡಿಲಿಲ್ಲ, ಇಸ್ಪೀಟ್ ಆಡ್ಲಿಲ್ಲ. ನಿನ್ ದೋಣಿ ಎಷ್ಟ್ ಸಲ ಬ್ರಾಂದಿ ಅಂಗ್ಡಿಗೆ ಹೋಯ್ತ್ ಅಂತ ನಾ ಲೆಕ್ಕ ಹೇಳ್ಕಾ ಕುಷ್ಟಣ್ಣ?"

ಯಾರೋ ನಕ್ಕರು. ಆಮೇಲೆ ಎಲ್ಲಿದ್ದೇವೆಂದು ನೆನಪಾಗಿ ಕೆಮ್ಮಿದರು.

ಒಳಗೆ, ಅಳುತ್ತಿದ್ದ ಮಗಳ ಪಕ್ಕ ಕೂತು ಹೆಣದ ತಲೆಯ ಹತ್ತಿರದ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಜಲಜನಿಗೆ ಎಲ್ಲವೂ ಕೇಳಿಸುತ್ತಿತ್ತು. ಒಟ್ಟು ಎಷ್ಟೆಂದು ಆ ಅಂಗಳದಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವಳಿಗೆ ಮಾತ್ರ ತಿಳಿದಿತ್ತು.

*

ಚಂದು ಹತ್ತು ವರ್ಷ ಮುಂಬೈಯಲ್ಲಿದ್ದವನು. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತ ಫ್ರಿಜ್ ರಿಪೇರಿ ಕಲಿತ. ಊರಿಗೆ ಮರಳಿದ ದಿನ ಬಸ್ಸಿನ ಮೇಲಿಂದ ಇಳಿದದ್ದು ಹಾಸಿಗೆಯಲ್ಲಿ ಸುತ್ತಿ ಕಟ್ಟಿದ ಹಳೆಯ ಕಂಪ್ಯೂಟರು. ಚಿನ್ನದ ಸರಕ್ಕೆ ಕಾದಿದ್ದ ಗಿರಿಜಾ ಒಂದು ವಾರ ಅವನೊಡನೆ ಮಾತು ಬಿಟ್ಟಿದ್ದಳಂತೆ. ಆಮೇಲೆ ಐಸ್ ಪ್ಲಾಂಟಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು.

ಮದುವೆಯಾದ ವರ್ಷವೇ ಒಂದು ಹಾರ್ಡ್ ಡಿಸ್ಕ್ ತಂದ. ಎಷ್ಟು ಎಂದು ಜಲಜ ಕೇಳಿದ್ದಕ್ಕೆ, "ಒಂಬೈನೂರ್," ಎಂದು ಗೋಡೆ ನೋಡುತ್ತ ಹೇಳಿದ.

ಮೂರು ದಿನ ಬಿಟ್ಟು, ಕುಂದಾಪುರದ ಪೇಟೆಯಲ್ಲಿ ಮೀನು ಮಾರಿ ಮುಗಿಸಿದ ಜಲಜ ಬುಟ್ಟಿಯನ್ನು ಕಂಪ್ಯೂಟರ್ ಅಂಗಡಿಯ ಮೆಟ್ಟಿಲ ಮೇಲಿಟ್ಟು ಅದೇ ವಸ್ತುವಿನ ಬೆಲೆ ವಿಚಾರಿಸಿದಳು. ಸಾವಿರದ ಎಂಟುನೂರು. ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ನೂರಕ್ಕೆ ಕೊಡುವ ಬಂಗುಡೆಗೆ ದಿನವೂ ಇನ್ನೂರು ಹೇಳುವವಳು ಅವಳು. ಗಿರಾಕಿ ಅದನ್ನು ಅರ್ಧಕ್ಕೆ ಇಳಿಸಿಕೊಳ್ಳುತ್ತಾನೆ, ಯಾರೂ ಅದನ್ನು ಸುಳ್ಳೆನ್ನುವುದಿಲ್ಲ. ಮನೆಯಲ್ಲಿ ಗಂಡ ಅರ್ಧ ಹೇಳುತ್ತಾನೆ. ತಾನು ಇಮ್ಮಡಿ ಮಾಡಿಕೊಂಡರಾಯಿತು.

ಅಂದಿನಿಂದ ಅವನು ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಇಮ್ಮಡಿ ಮಾಡುತ್ತ ಬಂದಳು. ಒಮ್ಮೆಯೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅವನು ತರುವುದನ್ನೇ ನಿಲ್ಲಿಸುತ್ತಿದ್ದ. ಅವನ ಸ್ವಭಾವ ಹಾಗಿತ್ತು. ಅವಳ ಮೀನಿನ ದುಡ್ಡನ್ನು ಅವನು ಮುಟ್ಟಿದವನಲ್ಲ. ಓರಗೆಯವರೆಲ್ಲ ಬೈಕು ಕೊಂಡರೂ ಇವನು ಪ್ಲಾಂಟಿಗೆ ಸೈಕಲ್ಲಿನಲ್ಲೇ ಹೋದ. ಪೇಟೆಯಲ್ಲಿ ಹೊಸದೆನಿಸಿಕೊಂಡದ್ದು ಹಳತಾಗಿ ಬೆಲೆ ಇಳಿಯುವವರೆಗೆ ತಿಂಗಳುಗಟ್ಟಲೆ ಕಾಯುತ್ತಿದ್ದ.

ಪ್ರತಿ ಭಾನುವಾರ ಪೆಟ್ಟಿಗೆ ಬಿಚ್ಚಿ, ಹಸಿರು ಸರ್ಕ್ಯೂಟ್ ಹಲಗೆಗಳ ಮೇಲೆ ಕೂತ ಉಪ್ಪನ್ನು ಬ್ರಶ್ಶಿನಿಂದ ತೆಗೆಯುವನು, ಮಗುವಿನ ಕಿವಿ ಒರೆಸುವಷ್ಟು ಮೆತ್ತಗೆ. ಬೇರೆಯವರು ಎಸೆದ ಹಲಗೆಗಳೂ ಅವನ ಕೈಯಲ್ಲಿ ಜೀವ ಹಿಡಿದದ್ದುಂಟು. ಐಸ್ ಪ್ಲಾಂಟಿನವನಾದ್ದರಿಂದ ಯಂತ್ರ ಬಿಸಿಯಾಗುವುದು ಅವನಿಗೆ ಅವಮಾನ. "ಕಾಣ್ ಜಲಜ, ಮೂವತ್ತೆಂಟ್ ಡಿಗ್ರಿ. ಬೆಳ್ಗಿಂದ ಓಡಿರೂ ಇಷ್ಟೇ," ಎಂದು ಕರೆದು ತೋರಿಸುವನು. ಅವಳಿಗೆ ಡಿಗ್ರಿ ತಿಳಿಯದು. ಆ ಹೊತ್ತಿನ ಅವನ ಮುಖ ನೋಡಲು ಒಲೆಯ ಮೇಲಿನ ಸಾರು ಬಿಟ್ಟು ಬರುತ್ತಿದ್ದಳು.

*

ಹನ್ನೊಂದೂವರೆಗೆ ಗೇಟಿನ ಹತ್ತಿರ ಒಂದು ಸ್ಕೂಟರ್ ನಿಂತಿತು. ಕೊರಿಯರಿನ ಪದ್ದು. ಐವತ್ತು ದಾಟಿದ ಮನುಷ್ಯ, ಕೋಡಿಗೆ ಬರುವ ಪಾರ್ಸೆಲ್ಲುಗಳೆಲ್ಲ ಅವನ ಕೈಯಿಂದಲೇ. ಚಂದುವಿನದನ್ನು ಯಾವಾಗಲೂ ಐಸ್ ಪ್ಲಾಂಟಿಗೇ ಮುಟ್ಟಿಸುತ್ತಿದ್ದ. ಈಗ ಬೋಟುಗಳಿಗೆ ಮಳೆಗಾಲದ ರಜೆ, ಪ್ಲಾಂಟಿಗೆ ಬೀಗ. ಹಾಗಾಗಿ ಮನೆಗೆ ಬಂದಿದ್ದ. ಟಾರ್ಪಾಲು ನೋಡಿ ಟೊಪ್ಪಿ ತೆಗೆದ.

ಜಲಜ ಹೊರಗೆ ಬಂದಳು.

"ನಂಗೊತ್ತಿರ್ಲಿಲ್ಲ ಅಕ್ಕ," ಎಂದ ಪದ್ದು, ಸಣ್ಣ ದನಿಯಲ್ಲಿ. "ದುಡ್ಡ್ ಕೊಟ್ಟ್ ತಕಂಬು ಪಾರ್ಸೆಲ್. ವಾಪಸ್ ಅಂತ ಬರ್ಕಂತೆ. ಯಾರೂ ಎಂತದೂ ಕೇಳುದಿಲ್ಲ."

"ಹ್ವಾಯ್, ಬರ್ಕೊ, ಬರ್ಕೊ," ಎಂದ ಕುಷ್ಟ ಕೂತಲ್ಲಿಂದಲೇ. "ಈ ಮಳೆಯಲ್ಲಿ ಒಣ ಕಟ್ಟಿಗೆಗೆ ನಾ ದುಡ್ಡ್ ಕೊಡುದ್, ಇವ್ಳ್ ಡಬ್ಬಕ್ಕೆ ಕೊಡುದಾ?"

"ಕಟ್ಟಿಗೆಗೂ ನಾನೇ ಕೊಡ್ತೆ ಬಾವ," ಎಂದಳು ಜಲಜ. ಪದ್ದುವಿನ ಕಡೆ ತಿರುಗಿ, "ಒಂದ್ ಗಳ್ಗೆ ನಿಲ್ಲಿ," ಎಂದು ಒಳಗೆ ಹೋದಳು.

*

ಹೋದ ವಾರವಷ್ಟೇ ಚಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಗ್ರಾಫಿಕ್ಸ್ ಕಾರ್ಡೊಂದರ ಬೆಲೆ ಎಂಟು ತಿಂಗಳಿಂದ ನೋಡುತ್ತಿದ್ದೆ, ಈಗ ಇಳಿದಿದೆ, ಆದರೆ ಪ್ಲಾಂಟ್ ಮುಚ್ಚಿ ಸಂಬಳವಿಲ್ಲ ಎಂದ. ಇಷ್ಟು ಹೇಳಲು ಅವನಿಗೆ ತುಂಬ ಹೊತ್ತು ಹಿಡಿಯಿತು.

"ಎಷ್ಟ್?"

"ಏಳ್ ಸಾವ್ರದ ಮುನ್ನೂರ್. ಕೈಗಡ ಕೊಟ್ರೆ ಸಾಕ್."

ಮಿಕ್ಕ ಅರ್ಧವನ್ನು ಅವನು ಎಲ್ಲಿಂದಲೋ ಹೊಂದಿಸಿಕೊಳ್ಳುವವನಿದ್ದ. ಜಲಜ "ಕಾಂಬ, ನೋಡುವ" ಎಂದಳು. ಒಣಮೀನು ಮಾರಿ ಕೂಡಿಟ್ಟದ್ದರಲ್ಲಿ ಹದಿನಾಲ್ಕು ಸಾವಿರದ ಆರುನೂರು ಎಣಿಸಿ ಕರ್ಚೀಫಿನಲ್ಲಿ ಗಂಟು ಕಟ್ಟಿದಳು. ಪಾರ್ಸೆಲ್ ಬಂದ ದಿನ ಗಂಟನ್ನು ಅವನ ಕೈಯಲ್ಲಿಟ್ಟು, ಎಣಿಸಲು ಹೇಳಿ, ಎದುರಿಗೆ ಕೂತು ಅವನ ಮುಖ ನೋಡಬೇಕೆಂದಿದ್ದಳು. ಇಪ್ಪತ್ತೈದು ವರ್ಷದ ಗುಟ್ಟನ್ನು ಹಾಗೆ ಬಿಚ್ಚಬೇಕೆಂದು ಒಂದು ವಾರದಿಂದ ಒಬ್ಬಳೇ ನಗುತ್ತಿದ್ದಳು.

*

ಪದ್ದು ಗಂಟು ಬಿಚ್ಚಿ ಎಣಿಸಿದ. ಪಾರ್ಸೆಲ್ಲಿನ ಮೇಲಿನ ಚೀಟಿ ನೋಡಿದ. ಇನ್ನೊಮ್ಮೆ ಎಣಿಸಿದ. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಎಷ್ಟಾಯ್ತ್ ಅದ್ಕೆ?" ಕುಷ್ಟ ಕೇಳಿದ. ಕುರ್ಚಿಗಳೆಲ್ಲ ಇತ್ತ ತಿರುಗಿದವು.

"ಏಳ್ ಸಾವ್ರದ ಮುನ್ನೂರ್," ಎಂದಳು ಜಲಜ. ಜನ್ಮದಲ್ಲಿ ಯಾವುದಕ್ಕೂ ಕಡಿಮೆ ಬೆಲೆ ಹೇಳಿದವಳಲ್ಲ ಅವಳು.

ಪದ್ದು ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ.

"ಏಳಾ?" ಎಂದ ಕುಷ್ಟ. "ನಾ ಎಂತೆಂತದೋ ಅಂದ್ಕಂಡಿದ್ದೆ. ಹಾಂಗಾರೆ ಒಟ್ಟ್ ಅಷ್ಟೆಲ್ಲ ಹಾಕ್ಲಿಲ್ಲ ಅಂವ." ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡ. ಒರೆಸುತ್ತಲೇ ಉಳಿದ. "ಸಣ್ಣದಿಪ್ಪಾಗ್ಳೇ ಹಾಂಗೆ. ನನ್ ಟಾರ್ಚ್ ಬಿಚ್ಚಿ, ಮೊದ್ಲಿಗಿಂತ ಲಾಯ್ಕ್ ಮಾಡಿ ಕೊಟ್ಟಿದ್ದ."

ಪದ್ದು ಪಾರ್ಸೆಲ್ ಕೊಡುತ್ತ ದನಿ ತಗ್ಗಿಸಿದ. "ಅಕ್ಕ, ಅವ್ರ್ ಮನೆಲಿ ಅರ್ಧ ಬೆಲೆ ಹೇಳುದ್ ನಿಮ್ಗೆ ಗೊತ್ತಿದ್ದಿತ್ತಾ?"

"ಮೊದ್ಲ ವರ್ಷದಿಂದ."

"ನಿಮ್ಗೆ ಗೊತ್ತಿಪ್ಪುದ್ ಅವ್ರಿಗ್ ಗೊತ್ತಾ?"

ಬಾಗಿಲಾಚೆ, ದೀಪದ ಬೆಳಕಲ್ಲಿ ಚಂದುವಿನ ಮೂಗು, ಹಣೆ ಕಾಣುತ್ತಿತ್ತು.

"ಇವತ್ತ್ ಹೇಳುವ ಅಂದಿದ್ದೆ," ಎಂದಳು ಜಲಜ.

ಒಂದು ಗಂಟೆಗೆ ಗಿರಿಜಾ ಬಂದಳು. ಎರಡಕ್ಕೆ ಎತ್ತಿದರು. ಮುಂದಿನ ಹೆಗಲು ಕುಷ್ಟನದು. ಗಂಡಸರೆಲ್ಲ ಕೊಡೆ ಬಿಚ್ಚಿ ಕಡಲ ದಾರಿ ಹಿಡಿದರು. ಹೆಂಗಸರು ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಂಡರು.

ಸೀರೆ ಬದಲಿಸಿ ಬಂದ ಜಲಜ ನೇರ ಒಳಕೋಣೆಗೆ ಹೋಗಿ ಮಗಳನ್ನು ಕರೆದಳು. ಮೋಕ್ಷಿತಾ ಅಪ್ಪನ ಪಕ್ಕ ಕೂತು ಈ ಕೆಲಸ ನೋಡಿ ಬೆಳೆದವಳು. ಅತ್ತು ಅತ್ತು ಅವಳ ಕಣ್ಣು ಬಾತಿದ್ದವು.

"ಇವತ್ತೇ ಆಗ್ಬೇಕಾ ಅಮ್ಮ?"

"ಎಂಟ್ ತಿಂಗ್ಳ್ ಕಾದಿದ್ರ್ ನಿನ್ನಪ್ಪಯ್ಯ. ಬಿಚ್ಚ್. ನಾನೇ ಕೂರ್ಸ್ತೆ, ನೀ ಹೇಳ್."

"ಹಾಂಗಾರೆ ಕೈ ಲಾಯ್ಕ್ ಒರ್ಸ್ಕೊ. ಮೊದ್ಲ್ ಪೆಟ್ಗಿಯ ಕಬ್ಣ ಮುಟ್ಟ್. ಮೈಯಲ್ಲಿಪ್ಪು ಕರೆಂಟ್ ಅದ್ರೊಳ್ಗೆ ಹೋಗ್ಬಾರ್ದ್."

ಜಲಜ ಮುಟ್ಟಿದಳು. ಇಷ್ಟು ವರ್ಷ ದೂರದಿಂದ ಮಾತ್ರ ಕಂಡ ಪೆಟ್ಟಿಗೆಯ ಒಳಗು ಉಪ್ಪಿನ ಒಂದು ಕಣವೂ ಇಲ್ಲದೆ ಹೊಳೆಯುತ್ತಿತ್ತು. ತಂತಿಗಳನ್ನೆಲ್ಲ ಮಾಲೆ ಕಟ್ಟುವವರಂತೆ ಒಪ್ಪವಾಗಿ ಕಟ್ಟಿದ್ದ. ಅವಳು ಕಾರ್ಡನ್ನು ಸೀಳಿಗೆ ಇಟ್ಟು ಎರಡು ಹೆಬ್ಬೆರಳಿನಿಂದ ಒತ್ತಿದಳು.

"ಇನ್ನೂ ಒತ್ತ್. ಹೆದ್ರ್‌ಬೇಡ."

ಟಿಕ್ ಎಂದು ಕೂತಿತು. ಮೋಕ್ಷಿತಾ ತಂತಿ ಸಿಕ್ಕಿಸಿ ಸ್ವಿಚ್ ಹಾಕಿದಳು. ಒಳಗಿನ ಫ್ಯಾನುಗಳು ಒಂದೊಂದಾಗಿ ತಿರುಗತೊಡಗಿದವು. ಬಗ್ಗಿ ನೋಡುತ್ತಿದ್ದ ಜಲಜನ ಕಿವಿಯ ಹತ್ತಿರ, ಒದ್ದೆ ಕೂದಲಿನ ಒಂದು ಎಳೆ ಅಲುಗಿತು.