ಹಾಜರಿ ಮೆಷಿನ್ನಿನ ಸ್ಕ್ರೂ

ಇಪ್ಪತ್ತೆರಡು ವರ್ಷ ಹಡಗಿನ ಹೊಟ್ಟೆಯೊಳಗೆ ಇಂಜಿನ್ ಓಡಿಸಿದವನು ತನಗೆ ಬೆಂಕಿ ಆರಿಸಲು ಬರುತ್ತದೆ ಎಂದು ತೋರಿಸಿಕೊಡಬೇಕಂತೆ. ಅದೂ ಐದು ವರ್ಷಕ್ಕೊಮ್ಮೆ, ಅದೂ ಕೈಯಿಂದ ದುಡ್ಡು ಕಟ್ಟಿ. ತರಬೇತಿ ಕೇಂದ್ರದ ಮೆಟ್ಟಿಲು ಹತ್ತುತ್ತ ಸೆಕೆಂಡ್ ಇಂಜಿನಿಯರ್ ಇದನ್ನೇ ಗೊಣಗುತ್ತಿದ್ದ. ಲಿಫ್ಟ್ ಕೆಟ್ಟಿತ್ತು. ಅದರ ಬಾಗಿಲಿಗೆ ಕಿವಿಯಿಟ್ಟು, ಬ್ರೇಕಿನ ಕಾಯಿಲ್ ಹೋಗಿದೆ ಎಂದು ತೀರ್ಮಾನಿಸಿದ ಮೇಲೆಯೇ ಅವನು ಮೂರನೇ ಮಹಡಿಯ ದಾರಿ ಹಿಡಿದದ್ದು.

ಹನ್ನೊಂದು ವರ್ಷ ಸೆಕೆಂಡ್ ಆಗಿಯೇ ಉಳಿದು ಆ ಹುದ್ದೆಯೇ ಅವನ ಅಡ್ಡಹೆಸರಾಗಿಬಿಟ್ಟಿತ್ತು. ಹೆಂಡತಿಯ ತಮ್ಮನಂತೂ ಬಂದಾಗಲೆಲ್ಲ, "ಭಾವ, ಫಸ್ಟ್ ಬರೋದು ಯಾವಾಗ?" ಎಂದು ಕೇಳಿ ತಾನೇ ನಗುತ್ತಿದ್ದ. ಚೀಫ್ ಇಂಜಿನಿಯರ್ ಆಗುವ ಪರೀಕ್ಷೆಯಲ್ಲಿ ಎರಡು ಸಲ ಮೌಖಿಕಕ್ಕೆ ಕೂತು ಎರಡು ಸಲವೂ ಡುಮ್ಕಿ ಹೊಡೆದು, ಮೂರನೇ ಸಲ ಹೇಗೋ ದಾಟಿ ಎರಡು ವರ್ಷವಾಗಿತ್ತು. ಆದರೆ ಯಾವ ಹಡಗಿನಲ್ಲೂ ಚೀಫ್ ಜಾಗ ಖಾಲಿಯಿರಲಿಲ್ಲ. ಹಡಗು ಹತ್ತಿದರೆ ಸಂಬಳ, ದಡದಲ್ಲಿ ಕೂತರೆ ಬರಿಗೈ. ಅವನು ದಡದಲ್ಲಿ ಕೂತು ಏಳು ತಿಂಗಳಾಗಿತ್ತು. ಕೊನೆಗೆ ಹೋದ ವಾರ ಕಂಪನಿಯಿಂದ ಫೋನ್ ಬಂತು: ಗುರುವಾರ ಹಡಗು ಹತ್ತಬೇಕು, ಚೀಫ್ ಆಗಿ. ಕಾಗದಪತ್ರ ನೋಡಿದರೆ ಬೆಂಕಿ ಸುರಕ್ಷತೆಯ ಸರ್ಟಿಫಿಕೇಟಿನ ಅವಧಿ ಮುಗಿಯಲು ಎರಡೇ ದಿನ ಬಾಕಿ. ಒಂದು ದಿನದ ತರಬೇತಿ ಮುಗಿಸಿ ಹೊಸದು ತರಬೇಕು; ಈ ಬ್ಯಾಚ್ ತಪ್ಪಿದರೆ ಮುಂದಿನ ನಲವತ್ತು ದಿನದ ಬ್ಯಾಚುಗಳೆಲ್ಲ ಭರ್ತಿ. ಪಟ್ಟಿಯಲ್ಲಿ ಅವನ ಹಿಂದಿರುವವನು ಗುರುವಾರಕ್ಕೇ ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದಾನೆಂದು ಕಂಪನಿಯವರು ಮೆಲ್ಲಗೆ ತಿಳಿಸಿಯೂ ಇದ್ದರು.

ತರಗತಿಯ ಹೊರಗಿನ ಗೋಡೆಯ ಮೇಲೆ, ಐದು ವರ್ಷದ ಹಿಂದೆ ಅವನು ಬಂದಾಗ ಇಲ್ಲದಿದ್ದ, ಬೆರಳಚ್ಚಿನ ಹಾಜರಿ ಮೆಷಿನ್ ಇತ್ತು. ಸಂಜೆ ನಾಲ್ಕರೊಳಗೆ ಅದರ ಮೇಲೆ ಬೆರಳು ಬೀಳದಿದ್ದರೆ ಬಂದವನೂ ಬಾರದವನೇ. ಅದರ ಹಸಿರು ದೀಪ ಒಮ್ಮೆ ಹತ್ತಿ, ಒಮ್ಮೆ ಆರಿ, ತೂಕಡಿಸುವವರ ಕಣ್ಣಿನ ಹಾಗೆ ಪಿಳಿಪಿಳಿ ಅನ್ನುತ್ತಿತ್ತು. ಕನ್ನಡಕವನ್ನು ದಾರ ಕಟ್ಟಿ ಎದೆಗಿಳಿಬಿಟ್ಟುಕೊಂಡಿದ್ದ ಗುಮಾಸ್ತ, ಬಂದಿದ್ದ ಹತ್ತು ಜನರ ಮುಂದೆ ನಿಂತು ಹೇಳಿದ:

"ಇದು ಕೆಟ್ಟು ಆರು ತಿಂಗಳಾಯ್ತು. ಯಾರೂ ಇದರ ತಂಟೆಗೆ ಹೋಗ್ಬೇಡಿ. ಮೆಷಿನ್ ಕೆಟ್ಟಿದೆ ಅಂತ ಬರೆದು ರಿಜಿಸ್ಟರಲ್ಲಿ ಸಹಿ ತಗೊಂಡ್ರೆ ಮೇಲಿನ ಆಫೀಸಲ್ಲಿ ನಡೆಯುತ್ತೆ. ತರ್ತೀನಿ, ಇಲ್ಲೇ ಇರಿ."

ಗುಮಾಸ್ತ ಒಳಗೆ ಹೋದ. ಒಂಬತ್ತು ಜನ ಅವನು ಹೇಳಿದ ಹಾಗೆ ನಿಂತರು. ಹತ್ತನೆಯವನಿಗೆ ಮಾತ್ರ ಆಗಲಿಲ್ಲ. ಕಣ್ಣೆದುರಿಗೆ ಒಂದು ಯಂತ್ರ ನರಳುತ್ತಿದ್ದರೆ ಸೆಕೆಂಡ್‌ಗೆ ಹಲ್ಲುನೋವು ಬಂದಂತಾಗುತ್ತದೆ. ಬೀಗದಕೈ ಗೊಂಚಲಿನಲ್ಲಿ ಪುಟ್ಟ ಸ್ಕ್ರೂಡ್ರೈವರ್ ಸದಾ ಇರುತ್ತಿತ್ತು. ಮುಚ್ಚಳ ತೆಗೆದ. ಒಳಗೆ ಒಂದು ಸ್ಕ್ರೂ ಪೂರ್ತಿ ಸಡಿಲವಾಗಿ, ಅದು ಹಿಡಿದಿರಬೇಕಾದ ತಂತಿ ಜೋಲಾಡುತ್ತಿತ್ತು. "ಇಷ್ಟಕ್ಕೆ ಆರು ತಿಂಗಳು! ಎಂಥ ಸೋಮಾರಿಗಳಪ್ಪ!" ಎಂದು ಬೈದುಕೊಂಡೇ ತಂತಿ ಕೂರಿಸಿದ, ಗಾಜನ್ನು ಕರ್ಚೀಫಿನಿಂದ ಒರೆಸಿದ, ಸ್ಕ್ರೂ ಬಿಗಿದ. ಹಡಗಿನಲ್ಲಿ ಬಿಗಿಯುವ ಹಾಗೆ ಬಿಗಿದ. ಅಲ್ಲಿ ಎಲ್ಲವೂ ಹಗಲಿರುಳು ಅದುರುತ್ತಿರುವುದರಿಂದ, ಬಿಗಿದ ಮೇಲೆ ಇನ್ನೊಂದು ಕಾಲು ಸುತ್ತು ಅವನ ಲೆಕ್ಕ. ಹಸಿರು ದೀಪ ನೆಟ್ಟಗೆ ನಿಂತಿತು.

ಒಂಬತ್ತು ಜನ ಖುಷಿಯಿಂದ ಬೆರಳಿಟ್ಟರು. ಒಂಬತ್ತು ಸಲ ಪೀಂ ಅಂದಿತು. ಸದ್ದಿಗೆ ಪ್ರಾಂಶುಪಾಲರೇ ಕೋಣೆಯಿಂದ ಹೊರಬಂದು, "ಭೇಷ್! ಕೊನೆಗೂ ಸರಿಯಾಯ್ತಾ!" ಎಂದು ಸೆಕೆಂಡ್‌ನ ಬೆನ್ನು ತಟ್ಟಿ, ಅಲ್ಲೇ ನಿಂತು ಮೇಲಿನ ಆಫೀಸಿಗೆ ಫೋನ್ ಮಾಡಿ ಶುಭಸಮಾಚಾರ ಹೇಳಿದರು. ಕೊನೆಗೆ ಸೆಕೆಂಡ್ ತನ್ನ ಬೆರಳಿಟ್ಟ. ಮೆಷಿನ್ ಕೆಂಪಗಾಯಿತು. ಹೆಬ್ಬೆರಳು, ಕೆಂಪು. ತೋರುಬೆರಳು, ಕೆಂಪು. ಹತ್ತೂ ಬೆರಳು ಮುಗಿದವು.

ರಿಜಿಸ್ಟರ್ ಹಿಡಿದು ಬಂದ ಗುಮಾಸ್ತ ನೆಟ್ಟಗೆ ಉರಿಯುವ ದೀಪ ನೋಡಿ ನಿಂತಲ್ಲೇ ನಿಂತ.

"ಯಾರು ಸರಿ ಮಾಡಿದ್ದು?"

"ನಾನೇ," ಎಂದ ಸೆಕೆಂಡ್, ಸ್ವಲ್ಪ ಎದೆಯುಬ್ಬಿಸಿ.

"ತುಂಬಾ ಉಪಕಾರ ಆಯ್ತು," ಎಂದ ಗುಮಾಸ್ತ. ಹಾಗಲಕಾಯಿ ಕಚ್ಚಿದವನ ಮುಖವಾಗಿತ್ತು ಅವನದು. "ಎಷ್ಟು ವರ್ಷದಿಂದ ಇಂಜಿನ್ ರೂಮಲ್ಲಿದೀರಿ?"

"ಇಪ್ಪತ್ತೆರಡು."

"ಹಾಗಿದ್ರೆ ನಿಮ್ಮ ಬೆರಳು ಎಲ್ಲಿ ಬರುತ್ತೆ ಸಾರ್! ಕಂಪ್ಯೂಟರಲ್ಲಿರೋದು ನೀವು ಕೆಲಸಕ್ಕೆ ಸೇರಿದಾಗ ತಗೊಂಡ ಅಚ್ಚು."

ಸೆಕೆಂಡ್ ತನ್ನ ಬೆರಳ ತುದಿಗಳನ್ನು ನೋಡಿಕೊಂಡ. ನುಣ್ಣಗೆ ಹೊಳೆಯುತ್ತಿದ್ದವು, ಸವೆದ ನಾಣ್ಯದ ಹಾಗೆ. "ಸರಿ, ಆ ರಿಜಿಸ್ಟರ್ ಕೊಡಿ, ಸಹಿ ಹಾಕ್ತೀನಿ. ಗುರುವಾರ ಚೀಫ್ ಆಗಿ ಹಡಗು ಹತ್ತಬೇಕು."

ಗುಮಾಸ್ತ ಪ್ರಾಂಶುಪಾಲರ ಕಡೆ ಓರೆಗಣ್ಣು ಹಾಯಿಸಿದ. ಪ್ರಾಂಶುಪಾಲರು ಕೈ ಅಲ್ಲಾಡಿಸಿದರು. "ಮೆಷಿನ್ ಸರಿ ಇದ್ದಾಗ ರಿಜಿಸ್ಟರ್ ತೆಗೆಯೋ ಹಾಗಿಲ್ಲ. ಒಂಬತ್ತು ಜನರದ್ದು ಬಂತಲ್ಲ? ನಿಮ್ಮದೂ ಬರುತ್ತೆ. ಪ್ರಯತ್ನ ಮಾಡ್ತಾ ಇರಿ."

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಅನ್ನುವುದು ಇದಕ್ಕೇ. ಸೆಕೆಂಡ್‌ಗೆ ಮೈ ಪರಚಿಕೊಳ್ಳುವಂತಾಯಿತು. ನಲ್ಲಿಯಲ್ಲಿ ಕೈ ತೊಳೆದು ಬಂದ, ಕೆಂಪು. ಯಾರೋ ಕೊಟ್ಟ ಮುಲಾಮು ಹಚ್ಚಿದ, ಕೆಂಪು. ಬೆರಳನ್ನು ಊದಿ, ಉಜ್ಜಿ, ಬಾಯಿಗೆ ಬಂದದ್ದೆಲ್ಲ ಬೈದು ಇಟ್ಟ, ಆಗಲೂ ಕೆಂಪು.

ಹನ್ನೆರಡಕ್ಕೆ ಅಂಗಳದಲ್ಲಿ ಬೆಂಕಿಯ ಪಾಠ. ಅಗ್ನಿಶಾಮಕ ದಳದಿಂದ ನಿವೃತ್ತರಾದ ಬೋಧಕಿ ತಟ್ಟೆಯಲ್ಲಿ ಡೀಸೆಲ್ ಸುರಿದು ಕಡ್ಡಿ ಗೀರಿದರು. ಉಳಿದವರು ಸಿಲಿಂಡರ್ ಹಿಡಿದು ಹಿಂದೆಮುಂದೆ ನೋಡುತ್ತಿದ್ದರೆ, ಸೆಕೆಂಡ್ ಗಾಳಿಯ ದಿಕ್ಕು ನೋಡಿ, ಬಗ್ಗಿ, ಉರಿಯ ಬುಡಕ್ಕೇ ಬೀಸಿ, ನಾಲ್ಕು ಉಸಿರಿನಲ್ಲಿ ಆರಿಸಿಬಿಟ್ಟ.

"ನಿಜವಾದ ಬೆಂಕಿ ನೋಡಿದೀರಿ ನೀವು," ಎಂದರು ಬೋಧಕಿ.

ಅವನು ಎರಡೂ ಕೈ ಮುಂದೆ ಚಾಚಿದ. ಎಂಟು ವರ್ಷದ ಹಿಂದೆ ನಡುಗಡಲಲ್ಲಿ ಎಣ್ಣೆಯ ಪೈಪು ಒಡೆದು ಹೊತ್ತಿಕೊಂಡಿತ್ತು. ಎಣ್ಣೆ ನಿಲ್ಲಿಸುವ ಕವಾಟದ ಚಕ್ರ ಬೆಂಕಿಯ ಪಕ್ಕದಲ್ಲೇ ಇತ್ತು. ಕೈಗವಸು ಎಣ್ಣೆಯಲ್ಲಿ ನೆಂದಿದ್ದರಿಂದ ಅದನ್ನು ಕಿತ್ತೆಸೆದು ಬರಿಗೈಯಲ್ಲಿ ಹದಿನಾಲ್ಕು ಸುತ್ತು ತಿರುಗಿಸಿದ್ದ. ಇಪ್ಪತ್ತೊಂದು ಜನ ಉಳಿದರು. ಬೆರಳ ತುದಿಯ ಚರ್ಮ ಮಾತ್ರ ಚಕ್ರಕ್ಕೆ ಅಂಟಿಕೊಂಡಿತು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನಿಮಗೆ ನಾನೇನು ಕಲಿಸಲಿ?" ಎಂದರು ಬೋಧಕಿ.

"ಕನ್ನಡಿ ಸಾಲಲ್ಲ ಮೇಡಂ. ಮೆಷಿನ್ನೇ ಹೇಳ್ಬೇಕಂತೆ," ಎಂದ ಸೆಕೆಂಡ್. ಬೆಂಕಿ ಆರಿಸಿದ್ದಕ್ಕೇ ಅಚ್ಚು ಹೋಯಿತು, ಅಚ್ಚು ಹೋದದ್ದಕ್ಕೆ ಬೆಂಕಿ ಆರಿಸಲು ಬರುವುದಿಲ್ಲ ಅನ್ನಿಸಿಕೊಳ್ಳಬೇಕು. ಈ ಅನ್ಯಾಯಕ್ಕೆ ಯಾರ ಕೊರಳಪಟ್ಟಿ ಹಿಡಿಯುವುದೆಂದೇ ಅವನಿಗೆ ತಿಳಿಯಲಿಲ್ಲ.

ಮೂರು ಗಂಟೆಗೆ ಗುಮಾಸ್ತ ಟೀ ತಂದುಕೊಟ್ಟು ಪಕ್ಕದಲ್ಲಿ ನಿಂತ. "ಪ್ರಿನ್ಸಿಪಾಲರು ಮೂರೂವರೆಗೆ ಹೊರಡ್ತಾರೆ ಸಾರ್. ಆಮೇಲೆ ಮೆಷಿನ್ ಹೇಗಿರುತ್ತೋ ಯಾರು ಕಂಡೋರು? ಹಳೇ ಮೆಷಿನ್ನು, ಯಾವಾಗ ಬೇಕಾದ್ರೂ ಕೆಡಬಹುದು."

"ಕೆಡೋ ಮಾತೇ ಇಲ್ಲ," ಎಂದ ಸೆಕೆಂಡ್, ತನ್ನ ಕೈಕೆಲಸಕ್ಕೆ ಅವಮಾನವಾದಂತೆ ಕೆರಳಿ. "ನಾನು ಬಿಗಿದಿದ್ದು ಹತ್ತು ವರ್ಷ ಅಲ್ಲಾಡಲ್ಲ, ಬರ್ಕೊಡ್ತೀನಿ ಬೇಕಾದ್ರೆ!"

ಗುಮಾಸ್ತ ಹಣೆ ಚಚ್ಚಿಕೊಂಡು ಹೋದ.

ಸೆಕೆಂಡ್ ಹೆಂಡತಿಗೆ ಫೋನ್ ಮಾಡಿ ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮನೇಲಿ ಅಡುಗೆಮನೆ ನಲ್ಲಿ ಎರಡು ತಿಂಗಳಿಂದ ಸೋರ್ತಿದೆ, ಅದು ನಿಮ್ಮ ಕಣ್ಣಿಗೆ ಬೀಳಲ್ಲ. ಊರವರ ಮೆಷಿನ್ ಮಾತ್ರ ಬೀಳುತ್ತೆ! ಈಗ ಸರಿ ಮಾಡಿದ ಕೈಗೆ ಕೆಡಿಸೋಕೆ ಬರಲ್ವಾ?"

"ಓಡ್ತಾ ಇರೋ ಮೆಷಿನ್ನನ್ನ ಕೆಡಿಸೋದಾ? ನನ್ನ ಜನ್ಮದಲ್ಲಿ ಮಾಡಿಲ್ಲ ಕಣೇ."

"ಚೀಫೂ ಆಗಿಲ್ಲ ನಿಮ್ಮ ಜನ್ಮದಲ್ಲಿ," ಎಂದು ಅವಳು ಫೋನ್ ಇಟ್ಟಳು.

ನಾಲ್ಕಕ್ಕೆ ಇಪ್ಪತ್ತು ನಿಮಿಷವಿತ್ತು. ಪ್ರಾಂಶುಪಾಲರ ಕೋಣೆಗೆ ಬೀಗ ಬಿದ್ದಿತ್ತು. ಉಳಿದ ಒಂಬತ್ತು ಜನ ತರಗತಿಯೊಳಗೆ ಸರ್ಟಿಫಿಕೇಟಿಗೆ ಕಾಯುತ್ತಿದ್ದರು. ಸೆಕೆಂಡ್ ಸ್ಕ್ರೂಡ್ರೈವರ್ ಹಿಡಿದು ಮೆಷಿನ್ನಿನ ಮುಂದೆ ನಿಂತ. ಸುಡುವ ಚಕ್ರ ಹಿಡಿಯುವಾಗಲೂ ಇಷ್ಟು ಹಿಂದೆಮುಂದೆ ನೋಡಿರಲಿಲ್ಲ. ಮುಚ್ಚಳ ತೆಗೆದು ಸ್ಕ್ರೂ ತಿರುಗಿಸಿದರೆ ಅದು ಜಪ್ಪಯ್ಯ ಅನ್ನಲಿಲ್ಲ. ತನ್ನ ಬಿಗಿತಕ್ಕೆ ತಾನೇ ಶಾಪ ಹಾಕಿ ಭುಜ ಕೊಟ್ಟು ತಿರುಗಿಸಿದ ಮೇಲೆ ಸಡಿಲಾಯಿತು. ತಂತಿ ಜೋಲುಬಿತ್ತು. ದೀಪ ಮತ್ತೆ ಪಿಳಿಪಿಳಿ ಅಂದಿತು. ಕಳ್ಳತನ ಮಾಡಿದವನಷ್ಟು ನಾಚಿಕೆಯಾಯಿತು ಅವನಿಗೆ.

"ಮೆಷಿನ್ ಕೆಟ್ಟೋಯ್ತು," ಎಂದು ಕೂಗಿದ.

ಗುಮಾಸ್ತ ಓಡಿಬಂದ. ರಿಜಿಸ್ಟರ್ ಆಗಲೇ ಅವನ ಕಂಕುಳಲ್ಲಿತ್ತು. 'ಮಧ್ಯಾಹ್ನ ಮೂರು ನಲವತ್ತಕ್ಕೆ ಯಂತ್ರ ದುರಸ್ತಿಗೆ ಬಂದಿದೆ' ಎಂದು ದುಂಡಗೆ ಬರೆದು, ಸಹಿ ಹಾಕಿಸಿಕೊಂಡು, ಹತ್ತೇ ನಿಮಿಷದಲ್ಲಿ ಮೊಹರು ಒತ್ತಿದ ಸರ್ಟಿಫಿಕೇಟ್ ಕೈಗಿಟ್ಟ.

ಸೆಕೆಂಡ್ ಅದನ್ನು ಎರಡು ಸಲ ಓದಿ, ಮಡಿಸಿ, ಜೇಬಿಗಿಟ್ಟುಕೊಂಡ. ಗುರುವಾರ ಅವನದಾಯಿತು. ಹೊರಟವನು ಮೆಷಿನ್ನಿನ ಎದುರು ಬಂದಾಗ ಕಾಲು ತಾನಾಗಿ ನಿಂತಿತು. ಹೇಗೂ ಕೆಲಸ ಮುಗಿಯಿತಲ್ಲ, ಒಂದು ಸ್ಕ್ರೂ ತಾನೇ. ಕೈ ಬೀಗದಕೈ ಗೊಂಚಲಿಗೆ ಹೋಯಿತು.

"ಅಯ್ಯೋ ಮಾರಾಯ್ರೇ, ಬಿಡಿ ಅದನ್ನ!" ಗುಮಾಸ್ತ ಅವನ ಮಣಿಕಟ್ಟು ಹಿಡಿದುಕೊಂಡ. ಸುತ್ತ ಯಾರೂ ಇಲ್ಲದ್ದನ್ನು ನೋಡಿ ದನಿ ತಗ್ಗಿಸಿದ. "ಇದು ತಾನಾಗಿ ಸಡಿಲ ಆಗಿತ್ತು ಅಂದ್ಕೊಂಡ್ರಾ? ಆರು ತಿಂಗಳ ಹಿಂದೆ ನಾನೇ ಮಾಡಿಟ್ಟಿದ್ದು. ನಿಮ್ಮಂಥೋರು ಮೂರು ಜನ ಇಲ್ಲೇ ನಿಂತು ಬೆರಳು ಉಜ್ಜಿ ಉಜ್ಜಿ ವಾಪಸ್ ಹೋದ್ರು. ಅದರಲ್ಲೊಬ್ಬರು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ರು. ನಿಮ್ಮ ಕೈಯಲ್ಲಿ ಅಚ್ಚು ಇರಲ್ಲ ಅಂತ ಗೊತ್ತಾದ ಮೇಲೂ ಇದನ್ನ ಸರಿ ಇಟ್ಕೊಂಡು ನಾನೇನು ಮಾಡ್ಲಿ?"

ಸೆಕೆಂಡ್ ಗೊಂಚಲು ಹಿಡಿದ ಕೈ ಇಳಿಸಿದ.

"ನೀವು ಬೆಂಕಿ ಆರಿಸೋಕೆ ಹೋದಾಗ ಮತ್ತೆ ಸಡಿಲ ಮಾಡೋಣ ಅಂತ ಬಂದೆ," ಎಂದು ಗುಮಾಸ್ತ ಜೇಬಿನಿಂದ ಕಾಗದ ಕತ್ತರಿಸುವ ಪುಟ್ಟ ಚಾಕು ತೆಗೆದು ತೋರಿಸಿದ. ಅದರ ತುದಿ ಮುರಿದಿತ್ತು. "ಏನು ಬಿಗಿಯೋದು ಸಾರ್ ಅದು! ನಾಳಿನ ಬ್ಯಾಚಲ್ಲಿ ಇಬ್ಬರು ಹಳೇ ಇಂಜಿನಿಯರ್‌ಗಳಿದಾರೆ. ಅವರಿಬ್ಬರಿಗೂ ಸರ್ಟಿಫಿಕೇಟ್ ಬೇಕು. ದಮ್ಮಯ್ಯ, ಹೊರಡಿ ಚೀಫ್ ಸಾರ್."

ಸೆಕೆಂಡ್ ಮುರಿದ ಚಾಕುವನ್ನು ನೋಡಿದ, ಪಿಳಿಪಿಳಿ ಅನ್ನುವ ದೀಪವನ್ನು ನೋಡಿದ. ಬೀಗದಕೈ ಗೊಂಚಲಿನಿಂದ ಸ್ಕ್ರೂಡ್ರೈವರನ್ನು ಬಿಡಿಸಿ ಗುಮಾಸ್ತನ ಅಂಗೈಯಲ್ಲಿಟ್ಟ. ಆಮೇಲೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಕೈಯಾರೆ ಸರಿಮಾಡಬಹುದಾದ ಕೆಟ್ಟ ಯಂತ್ರವೊಂದನ್ನು ಹಾಗೆಯೇ ಬಿಟ್ಟು ಮೆಟ್ಟಿಲಿಳಿದ.