ರಾಜಿಯ ಕಳ್ಳು

“ಅವ ಎಲ್ಲಿ ಹೊಡ್ದಾನವ್ವಾ? ಹೊಟ್ಟ್ಯಾಗಿನ ಕಳ್ಳು ಹೊಡ್ದದ,” ಎಂದರು ಹಿರಿಯ ಧರ್ಮಣ್ಣ, ತೀರ್ಪು ಹೇಳಿ ಮುಗಿಸಿದವರ ಹಾಗೆ.

ಭೂದೇವಿ ತವರುಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಬಲಗೈ ಪ್ಲಾಸ್ಟರಿನಲ್ಲಿತ್ತು. ನಾಲ್ಕು ದಿನದ ಹಿಂದೆ ಗಂಡ ತುಳಸಿರಾಮ ಗುದ್ದಲಿಯ ಕಾವಿನಿಂದ ಮುರಿದ ಕೈ ಅದು. ಫಿರ್ಯಾದಿ ಕೊಡಲು ನಾರಾಯಣಖೇಡದ ಠಾಣೆಗೆ ಹೊರಟವಳನ್ನು ಹಿರಿಯರು ಬಾಗಿಲಲ್ಲೇ ತಡೆದು ಕೂರಿಸಿದ್ದರು.

ರಾಜಿಯಾದರೆ ತಪ್ಪು ಮಾಡಿದವನು ಹಿರಿಯರಿಗೆ ಕಳ್ಳು ಕುಡಿಸಬೇಕು. ಊರಿನ ರೂಢಿ. ತುಳಸಿರಾಮ ಆಗಲೇ ನೊರೆಯುಕ್ಕುವ ಗಡಿಗೆ ತಂದು ನಿಂತಿದ್ದ. ಹಿರಿಯರಲ್ಲೊಬ್ಬನಾದ ಅಂಜಪ್ಪನಂತೂ ಗ್ಲಾಸು ತೊಳೆದಿಟ್ಟುಕೊಂಡಿದ್ದ.

“ರಾಜಿ ಕಾಗದ ಬರದೀವಿ. ಬಲಗೈ ಮುರದ್ರ ಏನಾತು? ಎಡಗೈ ಹೆಬ್ಬಟ್ಟು ಸಾಕು,” ಎಂದರು ಧರ್ಮಣ್ಣ.

“ಒಂದ್ ಮಾತು ಕೇಳ್ತೀನ್ರಿ ಕಾಕಾ,” ಎಂದಳು ಭೂದೇವಿ. “ ಅವತ್ತು ಇವ ಕಲ್ಹೇರದಾಗ ಕುಡದು ಬಂದ. ದಾರ್ಯಾಗ ನೀವು ಸಿಕ್ಕಿದ್ರಿ. ಹೊಡದ್ನೇನ್ರಿ?”

“ನನಗ್ಯಾಕ ಹೊಡೀತಾನ? ರಾಮ್ ರಾಮ್ ಅಂದ.”

“ಅಂಜಪ್ಪ ಮಾಮಾ, ನೀವು ಅವನಿಗಿ ಬೈದ್ರಿ. ನಿಮಗ ಹೊಡದ್ನೇನು?”

“ನನ್ನ ಮೈಮ್ಯಾಲ ಬರೋ ಧೈರ್ಯ ಅವನಿಗೆಲ್ಲದ!” ಅಂಜಪ್ಪ ನಕ್ಕ.

“ಬಾಗಲ್ದಾಗ ಎಮ್ಮಿ ಮಲಗಿತ್ತು. ಅದರ ಬಾಲನೂ ತುಳೀದಂಗ ದಾಟಿ ಬಂದ. ಆ ಕಳ್ಳಿಗಿ ಕಾಕಾ ಕಂಡ್ರು, ಮಾಮಾ ಕಂಡ್ರು, ಎಮ್ಮಿ ಕಂಡ್ತು. ನನ್ನ ಕೈ ಎಲ್ಲದ ಅಂತನೂ ಬರೋಬ್ಬರ್ ಕಂಡ್ತು. ಇಷ್ಟು ಶ್ಯಾಣ್ಯಾ ಕಳ್ಳು ಎಲ್ಲಿ ಇಳಸ್ತಾರ್ರಿ?”

ಅಂಜಪ್ಪನ ನಗು ನಿಂತಿತು.

“ಇನ್ನ ಕಳ್ಳು ಮುಟ್ಟಂಗಿಲ್ಲ ಭೂದೇವಿ, ಮೈಸಮ್ಮನಾಣಿ,” ಎಂದ ತುಳಸಿರಾಮ.

“ಮುಟ್ಟಂಗಿಲ್ಲ ಅನ್ನಾಂವ ಗಡಿಗಿ ಅಪ್ಪಿಕೊಂಡು ನಿಂತೀದಿ ನೋಡು.”

ಅವನಿಗೆ ಗಡಿಗೆ ಇಳಿಸಲೂ ಆಗಲಿಲ್ಲ, ಹಿಡಿಯಲೂ ಆಗಲಿಲ್ಲ.

ಒಳಗಿಂದ ಅವ್ವ ಬಂದಳು. ತನ್ನ ಕಾಲದಲ್ಲಿ ಮೂರು ಸಲ ಇಂಥದೇ ರಾಜಿಗೆ ಹೆಬ್ಬೆಟ್ಟು ಒತ್ತಿದವಳು ಆಕೆ. ಒಂದು ಕಿವಿ ಇಂದಿಗೂ ಕೇಳಿಸದು. ಮಗಳ ಕಂಕುಳಲ್ಲಿ ಎಕ್ಸ್‌ರೇ ಲಕೋಟೆ ಸಿಕ್ಕಿಸಿದಳು. ಭೂದೇವಿ ಎದ್ದಳು.

“ಹೆಣ್ಣುಮಗಳು ಠಾಣಾ ಮೆಟ್ಟಲ ಹತ್ತಿದ್ರ ಊರು ಏನಂತದ?” ಧರ್ಮಣ್ಣನ ದನಿ ಏರಿತು.

“ಕೈ ಮುರದಾಗ ಊರು ಏನೂ ಅಂದಿಲ್ಲಲ್ರಿ ಕಾಕಾ. ಈಗೂ ಸುಮ್ ಇರ್ಲಿ.”

ತಿರುವಿನಲ್ಲಿ ನಾರಾಯಣಖೇಡದ ಬಸ್ಸಿನ ಹಾರ್ನು ಕೇಳಿತು. ಭೂದೇವಿ ರಸ್ತೆಗೆ ಇಳಿದು ಎಡಗೈ ಎತ್ತಿದಳು. ಬಸ್ಸು ಹತ್ತು ಹೆಜ್ಜೆ ಮುಂದೆ ಹೋಗಿ, ಧೂಳೆಬ್ಬಿಸಿ, ನಿಂತಿತು.