ಕರಿಯನ ಮೈಹೊಳಪು

ಇವತ್ತೂ ಬಾಚಣಿಗೆ ತುಂಬ ಕೂದಲು, ಮಾಲಾಳ ಬೈತಲೆ ನಿನ್ನೆಗಿಂತ ಅಗಲವಾಗಿದೆಯೋ ನನ್ನ ಕಣ್ಣಿಗೇ ಹಾಗೆ ಕಾಣುತ್ತಿದೆಯೋ, ಅಲ್ಲಾಡ್ಬೇಡ ಕಣೇ, ಏಳು ವರ್ಷದ ಹುಡುಗಿಯ ಜಡೆ ಇಲಿಬಾಲದಷ್ಟು — ಮೈಮೇಲೆ ಮಾರಮ್ಮ ಎದ್ದು ಇಳಿದು ಮೂರು ತಿಂಗಳು, ಬೊಕ್ಕೆ ಒಣಗಿದರೂ ಕಲೆ ಹೋಗಿಲ್ಲ, ಮೊಣಕೈಯಲ್ಲಿ ಬೂದಿ ಬಳಿದಂತೆ ಒಣಚರ್ಮ. ಹೊಸೂರಿನ ಡಾಕ್ಟರಮ್ಮ ಹೇಳಿದರಲ್ಲ, ಜೋರು ಜ್ವರ ಬಂದ ಮಕ್ಕಳಿಗೆ ಎರಡು ಮೂರು ತಿಂಗಳು ಬಿಟ್ಟು ಕೂದಲು ಉದುರುತ್ತೆ, ತಿರುಗಿ ಬರುತ್ತೆ, ಪಥ್ಯ ಮಾಡಿಸಿದ್ದು ಸಾಕು, ಸೊಪ್ಪು, ಬೇಳೆ, ದಿನಾ ಒಂದು ಮೊಟ್ಟೆ ಕೊಡಿ. ಕೊಡುತ್ತಿದ್ದೇನೆ, ಫ್ಯಾಕ್ಟರಿ ಬಸ್ಸಿಗೆ ಓಡುವ ಮುಂಚೆ ಬೇಯಿಸಿ, ಸುಲಿದು, ಬಟ್ಟಲಲ್ಲಿ ಮುಚ್ಚಿಟ್ಟು ಹೋಗುತ್ತೇನೆ, ಸಂಜೆ ಬಂದರೆ ಬಟ್ಟಲು ತೊಳೆದು ಬೋರಲು ಹಾಕಿರುತ್ತದೆ. ತೊಳೆಯುವವರು ಯಾರು, ನನ್ನ ಅತ್ತೆ. ಅವತ್ತು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆ ಸದ್ದು ಕೂಡ ಕೇಳ್ಬಾರ್ದು ಈ ಮನೇಲಿ ಅಂದವರು, ಮೂರು ಸಲ ಬೇವಿನ ನೀರು ಹಾಕಿದ ಮೇಲೂ, ಮಾರಮ್ಮನ್ಗೆ ತಂಬಿಟ್ಟಿನಾರ್ತಿ ಆಗೋಗಂಟ ಮೊಟ್ಟೆ ಬ್ಯಾಡ ಶಶೀ ಅಂದವರು, ಆರತಿ ಮುಗಿದ ಮೇಲೆ ನಾನು ಮೊಟ್ಟೆ ತಂದಾಗ ತುಟಿ ಬಿಚ್ಚಲಿಲ್ಲ, ತುಟಿ ಬಿಚ್ಚದವರನ್ನೇ ನಾನು ನಂಬುವುದಿಲ್ಲ. ಮತ್ತೆ ಈ ಕರಿಯ, ಹೋದ ಯುಗಾದಿಗೆ ಕಜ್ಜಿ ಹತ್ತಿ ಬೆನ್ನೆಲ್ಲ ಬೋಳಾಗಿದ್ದ ಬೀದಿನಾಯಿ, ಈಗ ನೋಡು, ಎಣ್ಣೆ ಸವರಿದಂತೆ ಮಿರಮಿರ — ಮುದ್ದೆ ತಿಂದು ಬರುವ ಹೊಳಪೇ ಇದು?

ಇವತ್ತು ಭಾನುವಾರ, ನನಗೆ ರಜ, ಕೇಳಿಯೇ ಬಿಡುತ್ತೇನೆ. ಅತ್ತೆ, ಮೊಟ್ಟೆ ಯಾರ ಹೊಟ್ಟೆಗೆ ಹೋಗ್ತೈತೆ? ಅವರು ರಾಗಿ ಕೇರುತ್ತಲೇ, ಕೂಸಿನ ಕೈಗೇ ಕೊಡ್ತೀನಿ, ನಂಗೇನ್ ಗೊತ್ತವ್ವಾ. ತಲೆ ಎತ್ತಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ, ಇರಲಿ, ಮೊಟ್ಟೆ ಮಾಲಾಳ ಕೈಯಲ್ಲಿಟ್ಟು ಬಾಚುತ್ತೇನೆ, ಕರಿಯ ಎದ್ದು ಬರುತ್ತಿದೆ, ಬಾ, ಯಾರ ಹತ್ತಿರ ಹೋಗುತ್ತೀಯೋ ನೋಡುತ್ತೇನೆ — ಅತ್ತೆಯ ಮೊರ ದಾಟಿತು, ದಾಟಿ ಬಂದು ನನ್ನ ಮಗಳ ಮೊಣಕಾಲಿಗೆ ಮೂತಿ ಒರಗಿಸಿತು, ಲಂಗದ ಮರೆಯಲ್ಲಿ ಅವಳ ಕೈ ಜಾರುತ್ತಿದೆ, ಹಿಡಿದೆ, ಯಾಕೇ, ಯಾಕೆ ಹಾಕ್ತೀಯ ಅದಕ್ಕೆ? ನೀನೇ ಹೇಳಿದ್ದಲ್ಲಮ್ಮ, ಮೊಟ್ಟೆ ತಿಂದ್ರೆ ಮಾರಮ್ಮ ತಿರ್ಗಾ ಬಂದು ಕಣ್ಣು ಕಿತ್ಕೊಂಡು ಹೋಗ್ತಾಳೆ ಅಂತ. ಹೌದು, ಬೇವಿನ ಸೊಪ್ಪಿನ ಮೇಲೆ ಮಲಗಿ ಮೊಟ್ಟೆ ಬೇಕೆಂದು ಹಠ ಹಿಡಿದಿದ್ದಳು, ಬಾಯಿ ಮುಚ್ಚಿಸಲು ನಾನೇ ಅಂದಿದ್ದೆ, ಅಂದು ಮರೆತೆ, ಅದು ಮುಗಿಯಿತು ಕಣೇ ಎಂದು ಅವಳಿಗೆ ಹೇಳಲೇ ಇಲ್ಲ, ಮೂರು ತಿಂಗಳು ಈ ಕೂಸು ಒಂದೇ ಹೆದರಿಕೆಯಲ್ಲಿ — ಕೂದ್ಲು ಹೋದ್ರೆ ಹೋಗ್ಲಿ ಬಿಡಮ್ಮ, ಕಣ್ಣು ಬೇಕಲ್ವಾ ಅನ್ನುತ್ತಾಳೆ. ಅತ್ತೆಯ ಮೊರ ನಿಂತಿದೆ, ಆ ಕಡೆ ನೋಡಲಾರೆ, ನನ್ನ ಕೈಯಲ್ಲಿ ಬಾಚಣಿಗೆ, ಬಾಚಣಿಗೆ ತುಂಬ ಕೂದಲು, ಬಿಸಿಲಲ್ಲಿ ಕರಿಯನ ಬೆನ್ನು, ಮಿರಮಿರ, ಕರಿಯನ ಬೆನ್ನು